ಸೊಪ್ಪಿನ ಬೆಟ್ಟದ ಮಣ್ಣಿನಿಂದ ಐಸೊಟೋಪ್ ವಿಶ್ಲೇಷಣೆಗಾಗಿ ಅನಿಲದ ಮಾದರಿ ತೆಗೆಯುವ ಬಗೆ

ಪ್ರಶ್ನೆ: ದರಕು (ಶಿರಸಿ)

ಎಲ್ಲರಿಗೂ ನಮಸ್ಕಾರ. ಶಿರಸಿ ತಾಲೂಕಿನ ಅಡಿಕೆ ತೋಟಗಳಲ್ಲಿಯೂ ಅವಕ್ಕೆ ಹೊಂದಿಕೊಂಡಿರುವ ಸೊಪ್ಪಿನ ಬೆಟ್ಟಗಳಲ್ಲಿಯೂ (ತೋಟಕ್ಕೆ ಸೊಪ್ಪು ತರುವ ಕಾಡು) ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡ್ ಯಾವ ಮೂಲದಿಂದ ಬರುತ್ತದೆ ಎಂಬುದನ್ನು ಅದರಲ್ಲಿರುವ ಇಂಗಾಲ-13ರ (ಸಾಮಾನ್ಯ ಇಂಗಾಲ-12ಕ್ಕಿಂತ ತುಸು ಭಾರವಾದ ಐಸೊಟೋಪ್) ಪ್ರಮಾಣದಿಂದ ಗುರುತಿಸುವುದು ನನ್ನ ಸಂಶೋಧನೆಯ ಒಂದು ಭಾಗ. ಬೆಟ್ಟದ ಮತ್ತಿ, ನಂದಿ, ಹೊನ್ನೆ ಮರಗಳೂ ತೋಟದ ಅಡಿಕೆ, ಏಲಕ್ಕಿ, ಕಾಳುಮೆಣಸೂ ಸಿ-3 ವರ್ಗದ ಸಸ್ಯಗಳು (ಸಿ-3, ಸಿ-4 ಎಂಬುದು ದ್ಯುತಿಸಂಶ್ಲೇಷಣೆಯ ಎರಡು ಬಗೆ). ಮರ ತೆಳುವಾದ ಕಡೆ ಬೆಳೆಯುವ ಕರಡದ ಹುಲ್ಲುಗಳಲ್ಲಿ ಹೆಚ್ಚಿನವು ಸಿ-4 ವರ್ಗದವು. ಮೊದಲ ವರ್ಗದ ಸಸ್ಯಾಂಶದ ಡೆಲ್ಟಾ ಮೌಲ್ಯ (ಒಂದು ಮಾನಕಕ್ಕೆ ಹೋಲಿಸಿದರೆ ಇಂಗಾಲ-13 ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬ ಅಳತೆ) ಸುಮಾರು −27 ಪರ್ ಮಿಲ್ (ಸಾವಿರಕ್ಕೆ ಇಷ್ಟು), ಎರಡನೆಯದರದು −13ರ ಆಸುಪಾಸು. ಆದ್ದರಿಂದ ಬೇರಿನ ಉಸಿರಾಟದಿಂದಲೂ ದರಕು (ಉದುರಿದ ಒಣ ಎಲೆ) ಕೊಳೆಯುವುದರಿಂದಲೂ ಹುಟ್ಟುವ ಅನಿಲದಲ್ಲಿ ಮರದ ಪಾಲೆಷ್ಟು, ಹುಲ್ಲಿನ ಪಾಲೆಷ್ಟು ಎಂದು ಲೆಕ್ಕ ಹಾಕಬಹುದೆಂಬುದು ನನ್ನ ಯೋಜನೆ.

ಲೆಕ್ಕದ ಭಾಗ ಪುಸ್ತಕಗಳಲ್ಲಿ ಸಿಗುತ್ತದೆ. ಮಾದರಿಯನ್ನು ಮಣ್ಣಿನಿಂದ ಸೀಸೆಗೆ ತರುವ ಕೆಲಸದ ಬಗ್ಗೆ ಮಾತ್ರ ಬರೆದವರು ಕಡಿಮೆ. 10, 30, 60 ಮತ್ತು 90 ಸೆಂ.ಮೀ. ಆಳದಿಂದ ಅನಿಲ ಎಳೆಯಬೇಕೆಂದಿದ್ದೇನೆ. ಔಷಧಿ ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಕೊಳವೆ, 50 ಮಿ.ಲೀ. ಪ್ಲಾಸ್ಟಿಕ್ ಸಿರಿಂಜ್, ರಕ್ತ ಸಂಗ್ರಹಿಸಲು ಬಳಸುವ ನಿರ್ವಾತ ನಳಿಕೆಗಳು ಇವಿಷ್ಟೇ ಸದ್ಯಕ್ಕೆ ನನ್ನ ಕೈಗೆಟುಕುವ ಸಾಮಗ್ರಿ. ಮಾಸ್ ಸ್ಪೆಕ್ಟ್ರೋಮೀಟರ್ (ಐಸೊಟೋಪ್ ಅಳೆಯುವ ಯಂತ್ರ) ಇರುವ ಪ್ರಯೋಗಾಲಯ ಬೆಂಗಳೂರಿನಲ್ಲಿದ್ದು, ಮಾದರಿಗಳು ಒಂದಷ್ಟು ಸೇರಿದ ಮೇಲಷ್ಟೇ ಕಳಿಸಲು ಸಾಧ್ಯ. ಅಲ್ಲಿಯವರೆಗೆ ಅವು ಕೆಲವು ವಾರ ಇಲ್ಲಿಯೇ ಕಾದಿರಬೇಕಾಗುತ್ತದೆ. ಈ ಸಾಮಗ್ರಿ ಸಾಕೇ? ಒಮ್ಮೆಗೆ ಎಷ್ಟು ಅನಿಲ ಎಳೆಯಬಹುದು? ಜೂನ್ ನಂತರ ತೋಟದ ಮಣ್ಣು ನೀರಿನಿಂದ ತುಂಬಿರುವಾಗ ಏನು ಮಾಡಬೇಕು? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಬಿರಡೆ (ಬೆಂಗಳೂರು, ಊರು ಕುಮಟಾ)

ದರಕು ಅವರೇ, ನಿಮ್ಮ ಪಟ್ಟಿಯಲ್ಲಿ ಮೊದಲು ಕೈಬಿಡಬೇಕಾದದ್ದು ಸಿಲಿಕೋನ್ ಕೊಳವೆ. ಸಿಲಿಕೋನ್ ಗೋಡೆಯ ಮೂಲಕ ಇಂಗಾಲದ ಡೈಆಕ್ಸೈಡ್ ಸಲೀಸಾಗಿ ನುಸುಳುತ್ತದೆ. ಒಳಗೆ ಹತ್ತು ಸಾವಿರ ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು), ಹೊರಗಿನ ಗಾಳಿಯಲ್ಲಿ ನಾನೂರಿಪ್ಪತ್ತರಷ್ಟು ಇರುವಾಗ ಅನಿಲ ಹೊರಕ್ಕೆ ಹರಿಯುವುದು ಸಹಜ. ಹಾಗೆ ಹೊರಟಾಗ ಹಗುರವಾದ ಇಂಗಾಲ-12ರ ಅಣುಗಳೂ ಭಾರವಾದ ಇಂಗಾಲ-13ರ ಅಣುಗಳೂ ಒಂದೇ ವೇಗದಲ್ಲಿ ಹೋಗುವುದಿಲ್ಲವಾದ್ದರಿಂದ ಉಳಿದ ಅನಿಲದ ಡೆಲ್ಟಾ ಮೌಲ್ಯವೇ ಬದಲಾಗುತ್ತದೆ. ಕೇವಲ ಸಾಂದ್ರತೆ ಅಳೆಯುವವರಿಗೆ ಸ್ವಲ್ಪ ಸೋರಿಕೆ ಸಹ್ಯವಾಗಬಹುದು, ಐಸೊಟೋಪ್ ಕೆಲಸದಲ್ಲಿ ಅದು ನಡೆಯದು. ಹೊರವ್ಯಾಸ 1/8 ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಎಲ್ಲಕ್ಕಿಂತ ಒಳ್ಳೆಯದು. ಬೆಲೆ ಹೆಚ್ಚೆನಿಸಿದರೆ ದಪ್ಪ ಗೋಡೆಯ ನೈಲಾನ್ ಕೊಳವೆಯನ್ನು ಬಳಸಬಹುದು, ಆದರೆ ಅದರೊಳಗೆ ಅನಿಲ ನಿಂತಿರಲು ಬಿಡಬಾರದು. ಕೆಳತುದಿಯಲ್ಲಿ ಕೆಲವು ಸಣ್ಣ ರಂಧ್ರ ಕೊರೆದು ನವುರಾದ ಸ್ಟೀಲ್ ಜಾಲರಿ ಸುತ್ತಬೇಕು. ಮೇಲ್ತುದಿಗೆ ಆಸ್ಪತ್ರೆಗಳಲ್ಲಿ ಡ್ರಿಪ್‌ಗೆ ಬಳಸುವ ಮೂರು ದಾರಿಯ ಸ್ಟಾಪ್‌ಕಾಕ್ ಹಾಕಿದರೆ ಸಾಕು; ಇದೊಂದು ಮಾತ್ರ ಔಷಧಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಕೆಲಸಕ್ಕೂ ಬರುವ ವಸ್ತು.

ಕೊಳವೆ ಹೂಳುವ ರೀತಿಯೂ ಅಷ್ಟೇ ಮುಖ್ಯ. ನಮ್ಮ ಬೆಟ್ಟದ ಮಣ್ಣು ಮೇಲೆ ಮೆದುವಾಗಿದ್ದರೂ ಒಂದು ಮೊಣಕೈ ಆಳದಲ್ಲಿ ಚಿರೇಕಲ್ಲಿನ ಹರಳು ಸಿಗುತ್ತದೆ. ಹಾರೆಯಿಂದ ಕುತ್ತಿ ಮಾಡಿದ ತೂತಿನಲ್ಲಿ ಕೊಳವೆ ಇಳಿಸಿ ಸುತ್ತ ಮಣ್ಣು ತುಂಬಿದರೆ ಕೊಳವೆಯ ಪಕ್ಕದಲ್ಲೇ ಒಂದು ಸಂದು ಉಳಿದುಬಿಡುತ್ತದೆ, ಮೇಲಿನ ಗಾಳಿ ಅದರ ಮೂಲಕ ನೇರವಾಗಿ ಕೆಳಗಿಳಿಯುತ್ತದೆ. ಇದಕ್ಕೆ ಬೋರ್‌ವೆಲ್ ಕೊರೆಯುವವರ ಬಳಿ ಸಿಗುವ ಬೆಂಟೊನೈಟ್ ಜೇಡಿಯನ್ನು ನೀರಿನಲ್ಲಿ ಕಲಸಿ ನೆಲಮಟ್ಟದ ಕೆಳಗಿನ ಒಂದು ಗೇಣು ಭಾಗವನ್ನು ಬಿಗಿಯಾಗಿ ಮುಚ್ಚುವುದೇ ಪರಿಹಾರ. ಬೇಸಿಗೆಯಲ್ಲಿ ಈ ಜೇಡಿ ಒಣಗಿ ಬಿರುಕು ಬಿಡುತ್ತದೆ, ಪ್ರತಿ ಸಲ ನೋಡಿಕೊಳ್ಳಬೇಕು. ಒಂದೇ ಗುಂಡಿಯಲ್ಲಿ ನಾಲ್ಕೂ ಆಳದ ಕೊಳವೆ ಇಳಿಸುವ ಆಸೆ ಬೇಡ. ಪರಸ್ಪರ ಅರ್ಧ ಮೀಟರ್ ದೂರದಲ್ಲಿ ಬೇರೆ ಬೇರೆ ತೂತು ಮಾಡಿ. ಅಗೆದಾಗ ಕತ್ತರಿಸಿದ ಬೇರುಗಳು ಕೊಳೆಯುವಾಗ ತಾವೇ ಅನಿಲ ಬಿಡುವುದರಿಂದ ಕೊಳವೆ ಹೂಳಿದ ಮೇಲೆ ಕೆಲವು ವಾರ ಸುಮ್ಮನಿರುವುದು ಒಳಿತು. ಡಿಸೆಂಬರಿನಲ್ಲಿ ಹೂಳಿದರೆ ಬೇಸಿಗೆಯ ಮಾದರಿ ನಿಶ್ಚಿಂತೆಯಿಂದ ತೆಗೆಯಬಹುದು.

ಎಷ್ಟು ಎಳೆಯಬೇಕು ಎಂಬುದಕ್ಕೆ ಲೆಕ್ಕ ಸುಲಭ. ಒಳವ್ಯಾಸ 2 ಮಿ.ಮೀ. ಇರುವ ಒಂದು ಮೀಟರ್ ಕೊಳವೆಯಲ್ಲಿ ಸುಮಾರು 3 ಮಿ.ಲೀ. ಅನಿಲ ಹಿಡಿಯುತ್ತದೆ. ಅದರ ಎರಡು ಮೂರು ಪಟ್ಟನ್ನು, ಎಂದರೆ 6ರಿಂದ 9 ಮಿ.ಲೀ.ಯನ್ನು, ಮೊದಲು ಎಳೆದು ಹೊರಚೆಲ್ಲಿ ಆನಂತರ ಮಾದರಿ ತೆಗೆಯಬೇಕು. ಮಾದರಿಗೆಂದು 20 ಮಿ.ಲೀ. ಎಳೆದಿರಿ ಎನ್ನೋಣ. ಮಣ್ಣಿನಲ್ಲಿ ಗಾಳಿ ತುಂಬಿದ ರಂಧ್ರ ಐದನೇ ಒಂದು ಪಾಲಿದ್ದರೆ ಆ ಅನಿಲ ಬಂದದ್ದು 100 ಮಿ.ಲೀ. ಮಣ್ಣಿನಿಂದ, ಎಂದರೆ ಕೊಳವೆಯ ತುದಿಯ ಸುತ್ತ ಸುಮಾರು 3 ಸೆಂ.ಮೀ. ತ್ರಿಜ್ಯದ ಗೋಳದಿಂದ. ಅದೇ ಮಣ್ಣು ತೇವಗೊಂಡು ಗಾಳಿಯ ರಂಧ್ರ ಇಪ್ಪತ್ತನೇ ಒಂದು ಪಾಲಿಗೆ ಇಳಿದರೆ 400 ಮಿ.ಲೀ. ಮಣ್ಣು ಬೇಕಾಗುತ್ತದೆ, ತ್ರಿಜ್ಯ ನಾಲ್ಕೂವರೆ ಸೆಂ.ಮೀ. ದಾಟುತ್ತದೆ. ಹತ್ತು ಸೆಂ.ಮೀ. ಆಳದ ಕೊಳವೆಯಿಂದ ಆತುರಪಟ್ಟು 50 ಮಿ.ಲೀ. ಎಳೆದರೆ ನೀವು ಅಳೆಯುವುದು ಹತ್ತು ಸೆಂ.ಮೀ. ಆಳದ ಅನಿಲವನ್ನಷ್ಟೇ ಅಲ್ಲ, ಅದಕ್ಕಿಂತ ಮೇಲಿನ ಮಣ್ಣಿನ ಅನಿಲವನ್ನೂ. ಸಿರಿಂಜನ್ನು ಎಳೆಯುವಾಗ ಒಂದು ನಿಮಿಷದಷ್ಟು ಸಮಯ ಕೊಡಿ.

ಇನ್ನು ಸೀಸೆ. ರಕ್ತದ ನಳಿಕೆಗಳು ಒಂದು ನಿಗದಿತ ಪ್ರಮಾಣದ ರಕ್ತವನ್ನಷ್ಟೇ ಎಳೆಯುವಂತೆ ಸಿದ್ಧವಾದವು, ಪೂರ್ಣ ನಿರ್ವಾತ ಅವುಗಳಲ್ಲಿರುವುದಿಲ್ಲ. ಉಳಿದ ಜಾಗದಲ್ಲಿ ಎಲ್ಲಿಯದೋ ಗಾಳಿಯಿರುತ್ತದೆ. ಕೆಲವು ನಳಿಕೆಗಳ ಒಳಗೋಡೆಗೆ ರಕ್ತ ಹೆಪ್ಪುಗಟ್ಟಿಸುವ ಅಥವಾ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ ಸವರಿರುತ್ತಾರೆ. ಈ ಕೆಲಸಕ್ಕೆ ರೂಢಿಯಲ್ಲಿರುವುದು ಬ್ಯುಟೈಲ್ ರಬ್ಬರ್ ಬಿರಡೆಯ, ತಿರುಪು ಮುಚ್ಚಳದ 12 ಮಿ.ಲೀ. ಗಾಜಿನ ಸೀಸೆ, ಪ್ರಯೋಗಾಲಯದವರು ಇದನ್ನೇ ಎಕ್ಸಿಟೇನರ್ ಎನ್ನುತ್ತಾರೆ, ಅವರ ಯಂತ್ರದ ತಟ್ಟೆಯೂ ಇದರ ಅಳತೆಗೇ ಇರುತ್ತದೆ. ನಿರ್ವಾತ ಮಾಡಿದ ಈ ಸೀಸೆಗೆ 20 ಮಿ.ಲೀ. ಅನಿಲವನ್ನು ಒತ್ತಿ ತುಂಬಿದರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಒಂದೂವರೆ ಪಟ್ಟು ಮೀರುತ್ತದೆ. ಬಿರಡೆಯಲ್ಲಿ ಸೂಜಿಯ ಗಾಯ ಸೋರಿದರೂ ಹೊರಗಿನ ಗಾಳಿ ಒಳಕ್ಕೆ ಬರುವುದಿಲ್ಲ. ಒಂದು ಬಿರಡೆಗೆ ಒಂದೇ ಸಲ, ಸಣ್ಣ ಸೂಜಿಯಿಂದ ಚುಚ್ಚಬೇಕು. ಮಣ್ಣಿನ ಅನಿಲ ಸಿರಿಂಜಿನೊಳಗೆ ನಿಮಿಷಗಳಿಗಿಂತ ಹೆಚ್ಚು ಹೊತ್ತು ಇರಬಾರದು. ಸಿರಿಂಜ್ ತುಂಬಿಕೊಂಡು ಸಂಜೆ ಮನೆಗೆ ಬಂದು ಸೀಸೆಗೆ ತುಂಬುವ ಪದ್ಧತಿ ನಮ್ಮಲ್ಲಿ ಹಲವರಿಗಿದೆ. ಪ್ಲಾಸ್ಟಿಕ್ ಸಿರಿಂಜಿನ ರಬ್ಬರ್ ಹಿಡಿಕೆಯ ಅಂಚಿನಿಂದ ಅಷ್ಟು ಹೊತ್ತಿಗೆ ಸಾಕಷ್ಟು ಅನಿಲ ಹೋಗಿರುತ್ತದೆ.

ಸೀಸೆ ತೆರೆದಿರುವಾಗ ಅಥವಾ ಕೊಳವೆ ಜೋಡಿಸುವಾಗ ಅದರ ಮೇಲೆ ಬಾಗಿ ಮಾತನಾಡಬೇಡಿ. ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ನಲವತ್ತು ಸಾವಿರ ಪಿಪಿಎಂ ಸಮೀಪದಲ್ಲಿರುತ್ತದೆ, ಅನ್ನ ಉಣ್ಣುವವರ ಉಸಿರಿನ ಡೆಲ್ಟಾ ಮೌಲ್ಯವೂ ಬೆಟ್ಟದ ಮರಗಳ ವರ್ಗಕ್ಕೇ ಸೇರಿದ್ದು. ಕವಳ ಹಾಕಿಕೊಂಡು ಪಕ್ಕದಲ್ಲಿ ನಿಂತು ಕಥೆ ಹೇಳುವ ಸಹಾಯಕರನ್ನು ಗಾಳಿ ಬೀಸಿ ಹೋಗುವ ದಿಕ್ಕಿಗೆ ನಿಲ್ಲಿಸಬೇಕು.

ಪ್ರಯೋಗಾಲಯದವರು ಹೀಲಿಯಂ ತುಂಬಿದ ಸೀಸೆಗಳನ್ನೇ ಕೇಳಿದರೆ ಅವರು ಹೇಳಿದಂತೆ ಮಾಡಿ. ಸಾಂದ್ರತೆ ಹೆಚ್ಚಿರುವ ಆಳದ ಮಾದರಿ ಅಂಥ ಸೀಸೆಗೆ ಒಂದೆರಡು ಮಿ.ಲೀ. ಸಾಕಾಗುತ್ತದೆ: ಹತ್ತು ಸಾವಿರ ಪಿಪಿಎಂ ಅನಿಲದ ಒಂದು ಮಿ.ಲೀ.ಯಲ್ಲಿರುವ ಇಂಗಾಲದ ಡೈಆಕ್ಸೈಡ್, ಸಾಮಾನ್ಯ ಗಾಳಿ ತುಂಬಿದ 12 ಮಿ.ಲೀ. ಸೀಸೆಯಲ್ಲಿರುವುದಕ್ಕಿಂತ ಹೆಚ್ಚು.

ಉತ್ತರ: ಬಸಿಗಾಲುವೆ (ಸಿದ್ದಾಪುರ)

ನಾನು ಪ್ರಯೋಗಾಲಯದವನಲ್ಲ, ತೋಟ ಮಾಡುವವನು, ಓದಿದ್ದು ರಸಾಯನಶಾಸ್ತ್ರ. ಮೇಲಿನ ಉತ್ತರದಲ್ಲಿ ಮಾದರಿಯ ಬಗ್ಗೆ ಎಲ್ಲವೂ ಬಂದಿದ್ದರೂ ಜಾಗದ ಆಯ್ಕೆಯ ಬಗ್ಗೆ ಒಂದು ಮಾತು ಬಿಟ್ಟುಹೋಗಿದೆ.

ನಮ್ಮ ಚಿರೇಕಲ್ಲಿನ ನೆಲ ಹುಳಿ ಮಣ್ಣಿನದು, ಅದರಲ್ಲಿ ಸುಣ್ಣದ ಅಂಶ ತಾನಾಗಿ ಇರುವುದಿಲ್ಲ. ಈ ಕಾರಣದಿಂದ ಬೆಟ್ಟದ ಮಾದರಿಗಳಲ್ಲಿ ಸುಣ್ಣಕಲ್ಲಿನಿಂದ ಹೊರಟ ಇಂಗಾಲದ ಡೈಆಕ್ಸೈಡಿನ ಚಿಂತೆ ಬೇಡ. ಆದರೆ ತೋಟಕ್ಕೆ ನಾವೇ ಸುಣ್ಣ ಹಾಕುತ್ತೇವೆ. ಸುಣ್ಣಕಲ್ಲಿನ ಪುಡಿಯನ್ನೋ ಡೋಲೊಮೈಟನ್ನೋ ಹುಳಿ ಮಣ್ಣಿಗೆ ಎರಚಿದರೆ ಅದು ಕರಗುತ್ತಾ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದರ ಡೆಲ್ಟಾ ಮೌಲ್ಯ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಸುಟ್ಟ ಸುಣ್ಣವಾದರೆ ವಿರುದ್ಧ: ಅದು ಮಣ್ಣಿನಲ್ಲಿರುವ ಅನಿಲವನ್ನೇ ಹೀರಿಕೊಳ್ಳುತ್ತದೆ.

ಇದರ ಪರಿಣಾಮ ಎಷ್ಟು ದೊಡ್ಡದೆಂದು ನೀವೇ ಲೆಕ್ಕ ಹಾಕಿ ನೋಡಿ. ಹುಟ್ಟುವ ಅನಿಲದಲ್ಲಿ ಐದನೇ ಒಂದು ಪಾಲು ಸುಣ್ಣಕಲ್ಲಿನದು, ಉಳಿದದ್ದು ಅಡಿಕೆ ಬೇರಿನದು ಎಂದಿಟ್ಟುಕೊಂಡರೆ ಮಿಶ್ರಣ −21.6 ಆಗುತ್ತದೆ. ಸುಣ್ಣದ ಸಂಗತಿ ಗೊತ್ತಿಲ್ಲದವರು ಅದೇ ಸಂಖ್ಯೆಯನ್ನು ಮರ ಮತ್ತು ಹುಲ್ಲಿನ ಲೆಕ್ಕಕ್ಕೆ ಹಾಕಿದರೆ ಹುಲ್ಲಿನ ಪಾಲು ಶೇಕಡಾ 39 ಎಂದು ಬರುತ್ತದೆ, ತೋಟದಲ್ಲಿ ಒಂದೆಳೆ ಕರಡ ಇಲ್ಲದಿದ್ದರೂ! ಆದ್ದರಿಂದ ಪ್ರತಿ ತೋಟದ ಯಜಮಾನರನ್ನು ಯಾವ ಸುಣ್ಣ, ಯಾವ ತಿಂಗಳು, ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿಯೂ ಸುಣ್ಣವಿದೆ, ಆದರೆ 100 ಲೀಟರಿಗೆ ಒಂದು ಕಿಲೋ ಲೆಕ್ಕದಲ್ಲಿ ಅಡಿಕೆ ಕೊನೆಗೆ (ಗೊಂಚಲಿಗೆ) ಸಿಂಪಡಿಸಿ ನೆಲಕ್ಕೆ ತೊಟ್ಟಿಕ್ಕುವುದು ಅಲ್ಪ; ಅದನ್ನು ಕಡೆಗಣಿಸಬಹುದೆಂದು ನನ್ನ ಅಭಿಪ್ರಾಯ.

ಇನ್ನೊಂದು ಸಂಗತಿ. ಬೆಟ್ಟದ ಸೊಪ್ಪು, ದರಕು ತೋಟಕ್ಕೆ ಬರುವುದು ನೇರವಾಗಿಯೂ ಕೊಟ್ಟಿಗೆಯ ಗೊಬ್ಬರವಾಗಿಯೂ. ಕರಡ ತಿಂದ ದನದ ಸಗಣಿಯಲ್ಲಿ ಸಿ-4 ಇಂಗಾಲವಿರುವುದರಿಂದ ಹುಲ್ಲಿಲ್ಲದ ತೋಟದಲ್ಲಿಯೂ ಹುಲ್ಲಿನ ಗುರುತು ನಿಜವಾಗಿಯೇ ಕಾಣಿಸಬಹುದು. ಪುಸ್ತಕದ −27, −13ನ್ನು ನೆಚ್ಚದೆ ನಿಮ್ಮ ಜಾಗದ ಬೇರು, ದರಕು, ಕರಡ, ಗೊಬ್ಬರ ಇಷ್ಟನ್ನೂ ಒಣಗಿಸಿ ಅದೇ ಪ್ರಯೋಗಾಲಯಕ್ಕೆ ಕಳಿಸುವುದು ಸೂಕ್ತ.

ಉತ್ತರ: ಗಜನಿ ಏರಿ (ಕುಮಟಾ)

ಮಳೆಗಾಲದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ನನ್ನ ಕೆಲಸ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ, ಎಂದರೆ ಉಬ್ಬರದ ಉಪ್ಪುನೀರು ನುಗ್ಗುವ, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುವ ಗದ್ದೆಗಳಲ್ಲಿ. ಒದ್ದೆ ಮಣ್ಣಿನಿಂದ ಅನಿಲ ತೆಗೆಯುವುದು ಬೇರೆಯದೇ ವಿದ್ಯೆ.

ನೀರು ತುಂಬಿದ ಮಣ್ಣಿನಲ್ಲಿ ಸ್ಟೀಲ್ ಕೊಳವೆಗೆ ಸಿರಿಂಜ್ ಹಾಕಿ ಎಳೆದರೆ ನೀರೇ ಬರುತ್ತದೆ. ಹಿಡಿಕೆ ಬಿಟ್ಟ ಕೂಡಲೇ ತಾನಾಗಿ ಹಿಂದಕ್ಕೆ ಸರಿದರೆ ಅಲ್ಲಿ ಎಳೆಯಲು ಗಾಳಿಯಿಲ್ಲವೆಂದು ಅರ್ಥ. ಬಲವಂತ ಮಾಡಿದರೆ ನೀರಿನಲ್ಲಿ ಕರಗಿದ್ದ ಅನಿಲ ಬಿಟ್ಟುಕೊಂಡು ಬರುತ್ತದೆಯೇ ಹೊರತು ಮಣ್ಣಿನ ಗಾಳಿಯಲ್ಲ. ಇಲ್ಲಿ ಬಿರಡೆಯವರು ಬೇಡವೆಂದ ಸಿಲಿಕೋನ್ ಕೊಳವೆಯೇ ಉಪಕಾರಕ್ಕೆ ಬರುತ್ತದೆ. ಎರಡೂ ತುದಿ ಮುಚ್ಚಿದ ಸಿಲಿಕೋನ್ ಕೊಳವೆಯ ಸುರುಳಿಯನ್ನು ಬೇಕಾದ ಆಳದಲ್ಲಿ ಹೂಳಿ, ಅದರಿಂದ ಒಂದು ತೆಳುವಾದ ಸ್ಟೀಲ್ ಕೊಳವೆಯನ್ನು ಮೇಲಕ್ಕೆ ತಂದು ಸ್ಟಾಪ್‌ಕಾಕ್ ಹಾಕಬೇಕು. ಸಿಲಿಕೋನ್ ಗೋಡೆ ದ್ರವರೂಪದ ನೀರನ್ನು ಒಳಗೆ ಬಿಡುವುದಿಲ್ಲ, ಅನಿಲವನ್ನು ಬಿಡುತ್ತದೆ. ಸಾಕಷ್ಟು ಸಮಯ ಕೊಟ್ಟರೆ ಒಳಗಿನ ಗಾಳಿ ಹೊರಗಿನ ಮಣ್ಣಿನೊಂದಿಗೆ ಸಮತೋಲಕ್ಕೆ ಬರುತ್ತದೆ. ಸಮತೋಲಕ್ಕೆ ಬರುವ ಮುನ್ನ ತೆಗೆದರೆ ಒಳಗೆ ಮೊದಲು ಸೇರುವ ಹಗುರ ಅಣುಗಳ ಕಡೆಗೆ ಮೌಲ್ಯ ವಾಲಿರುತ್ತದೆ. ಆದ್ದರಿಂದ ಒಂದು ಸಲ ತೆಗೆದ ಮೇಲೆ ಮತ್ತೆ ತೆಗೆಯುವ ಮುನ್ನ ಕೆಲವು ದಿನ ಬಿಡಬೇಕು, ಸುರುಳಿಯ ಗಾತ್ರವೂ ತೆಗೆಯುವ ಮಾದರಿಗಿಂತ ಹಲವು ಪಟ್ಟು ದೊಡ್ಡದಿರಬೇಕು.

ಲೆಕ್ಕದ ಬಗ್ಗೆಯೂ ಎಚ್ಚರಿಸಬೇಕಾಗಿದೆ. ಮಣ್ಣಿನ ಅನಿಲದ ಡೆಲ್ಟಾ ಮೌಲ್ಯ ಅದು ಹುಟ್ಟಿದ ಮೂಲಕ್ಕಿಂತ ಕನಿಷ್ಠ 4.4 ಪರ್ ಮಿಲ್ ಭಾರವಾಗಿರುತ್ತದೆ ಎಂಬ ನಿಯಮವನ್ನು ಎಲ್ಲರೂ ಬಳಸುತ್ತಾರೆ. ಸೆರ್ಲಿಂಗ್ ಮತ್ತು ಸಂಗಡಿಗರು 1991ರಲ್ಲಿ ವಿವರವಾಗಿ ಬರೆದ ಈ ಸಂಖ್ಯೆ ಬಂದದ್ದು, ಗಾಳಿಯಲ್ಲಿ ಎರಡು ಬಗೆಯ ಅಣುಗಳ ವಿಸರಣದ (ತಾನಾಗಿ ಹರಡಿಕೊಳ್ಳುವ) ವೇಗ 1.0044ರ ಅನುಪಾತದಲ್ಲಿರುವುದರಿಂದ. ಅದು ಗಾಳಿ ತುಂಬಿದ ರಂಧ್ರಗಳ ಮಾತು. ನೀರಿನಲ್ಲಿ ಕರಗಿದ ಅನಿಲದ ವಿಸರಣದಲ್ಲಿ ಈ ವ್ಯತ್ಯಾಸ ಒಂದು ಪರ್ ಮಿಲ್ ಕೂಡ ಇಲ್ಲ. ಆದ್ದರಿಂದ ಜುಲೈ ತಿಂಗಳ ತೋಟದ ಮಾದರಿಯಿಂದ 4.4 ಕಳೆದು ಮೂಲವನ್ನು ಹೇಳುವುದನ್ನು ನಾನು ಒಪ್ಪುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಮೀಥೇನ್. ಗಾಳಿಯಾಡದ ಮಣ್ಣಿನಲ್ಲಿ ಮೀಥೇನ್ ಹುಟ್ಟಿಸುವ ಸೂಕ್ಷ್ಮಜೀವಿಗಳು ಹಗುರವಾದ ಇಂಗಾಲವನ್ನೇ ಆರಿಸಿಕೊಳ್ಳುತ್ತವೆ. ಜೌಗಿನ ಮೀಥೇನಿನ ಡೆಲ್ಟಾ ಮೌಲ್ಯ −60ರ ಸುಮಾರಿಗೆ ಇಳಿಯುವುದು ಇದೇ ಕಾರಣದಿಂದ. ಹಗುರವಾದದ್ದು ಮೀಥೇನಿಗೆ ಹೋದ ಮೇಲೆ ಉಳಿದ ಇಂಗಾಲದ ಡೈಆಕ್ಸೈಡ್ ಭಾರವಾಗುತ್ತದೆ. ಸುಣ್ಣದಂತೆಯೇ ಇದೂ ಹುಲ್ಲಿನ ವೇಷ ಹಾಕಿಕೊಂಡು ಬರುತ್ತದೆ. ನಮ್ಮ ಗಜನಿಯಲ್ಲಿ ಉಪ್ಪುನೀರಿನ ಸಲ್ಫೇಟ್ ಇರುವವರೆಗೆ ಸಲ್ಫೇಟ್ ಬಳಸುವ ಸೂಕ್ಷ್ಮಜೀವಿಗಳ ಕೈ ಮೇಲಾಗಿ ಮೀಥೇನ್ ಕಡಿಮೆಯಿರುತ್ತದೆ. ನಿಮ್ಮ ಕಣಿವೆಯ ಸಿಹಿನೀರಿನ ತೋಟಗಳಲ್ಲಿ, ಅದರಲ್ಲೂ ಬಸಿಗಾಲುವೆ ಹೂಳು ತುಂಬಿದ ಕಡೆ, ಆ ತಡೆಯೂ ಇಲ್ಲ. ಪ್ರತಿ ಆಳದಿಂದ ಒಂದು ಸೀಸೆಯನ್ನು ಮೀಥೇನ್ ಸಾಂದ್ರತೆಗೆಂದೇ ತೆಗೆದಿಡಿ. ಅದು ಹೆಚ್ಚಿದ್ದ ಮಾದರಿಗಳನ್ನು ಮರ, ಹುಲ್ಲಿನ ಲೆಕ್ಕದಿಂದ ಹೊರಗಿಡಬೇಕು.

ನನ್ನ ಸಲಹೆಯೇನೆಂದರೆ ಮುಖ್ಯ ಮಾದರಿಗಳನ್ನು ನವೆಂಬರಿನಿಂದ ಏಪ್ರಿಲ್ ನಡುವೆ ತೆಗೆಯಿರಿ. ಮೊದಲ ಮಳೆಯ ವಾರವನ್ನೂ ಬಿಡಿ. ಒಣಗಿದ ಮಣ್ಣಿಗೆ ನೀರು ಬಿದ್ದ ಕೂಡಲೇ ಇಂಗಾಲದ ಡೈಆಕ್ಸೈಡ್ ಒಮ್ಮೆಲೇ ಉಕ್ಕುತ್ತದೆ, 1958ರಲ್ಲಿ ಇದನ್ನು ವಿವರಿಸಿದ ಬರ್ಚ್ ಅವರ ಹೆಸರಿನಿಂದಲೇ ಈ ಪರಿಣಾಮವನ್ನು ಕರೆಯುತ್ತಾರೆ. ಆಗ ಮಣ್ಣಿನ ಅನಿಲ ಸ್ಥಿರಸ್ಥಿತಿಯಲ್ಲಿರುವುದಿಲ್ಲ. ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ಹಾಕುವ ತೋಟಗಳಿಗೂ ಇದೇ ಮಾತು: ನೀರು ಬಿಡುವ ಹಿಂದಿನ ದಿನ ಮಾದರಿ ತೆಗೆಯಿರಿ, ಮರುದಿನವಲ್ಲ.

ಮರುಪ್ರಶ್ನೆ: ದರಕು (ಶಿರಸಿ)

ಮೂವರಿಗೂ ಕೃತಜ್ಞತೆಗಳು. ಮುಖ್ಯ ಮಾದರಿಗಳನ್ನು ಒಣ ತಿಂಗಳುಗಳಿಗೆ ಸೀಮಿತಗೊಳಿಸಿ, ಮಳೆಗಾಲಕ್ಕೆ ಸಿಲಿಕೋನ್ ಸುರುಳಿಗಳನ್ನು ಬೇರೆಯಾಗಿಯೇ ಹೂಳುತ್ತೇನೆ. ಆದರೆ ಒಂದು ಅನುಮಾನ ಉಳಿದಿದೆ. ಎಷ್ಟು ಎಚ್ಚರ ವಹಿಸಿದರೂ ಸಂದಿನಿಂದಲೋ ಸ್ಟಾಪ್‌ಕಾಕಿನಿಂದಲೋ ಸೀಸೆಯಲ್ಲಿ ಮೊದಲೇ ಉಳಿದದ್ದರಿಂದಲೋ ಸ್ವಲ್ಪ ಹೊರಗಾಳಿ ಸೇರದೆ ಇರುವುದಿಲ್ಲ. ಹಾಗೆ ಸೇರಿದ್ದನ್ನು ಗುರುತಿಸುವ ದಾರಿಯಿದೆಯೇ, ಅಥವಾ ಸಾಂದ್ರತೆ ಕಡಿಮೆ ಬಂದ ಮಾದರಿಗಳನ್ನೆಲ್ಲ ಎಸೆದುಬಿಡಬೇಕೇ?

ಉತ್ತರ: ಬಿರಡೆ (ಬೆಂಗಳೂರು, ಊರು ಕುಮಟಾ)

ಎಸೆಯಬೇಡಿ. ಹೊರಗಾಳಿ ಸೇರುವುದಕ್ಕೂ ಅನಿಲ ಹೊರಗೆ ಸೋರುವುದಕ್ಕೂ ಬಹಳ ಅಂತರವಿದೆ. ಈ ಕೆಲಸದಲ್ಲಿ ಅರ್ಥಮಾಡಿಕೊಳ್ಳಲೇಬೇಕಾದ ಒಂದೇ ಸಂಗತಿಯನ್ನು ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ.

1995ರಲ್ಲಿ ಡೇವಿಡ್ಸನ್ ಕೊಟ್ಟ ಸೂತ್ರವನ್ನು ಮಾತಿನಲ್ಲಿ ಹೇಳುತ್ತೇನೆ. ಮಣ್ಣಿನ ಅನಿಲದ ಡೆಲ್ಟಾ ಮೌಲ್ಯದಿಂದ 4.4 ಕಳೆದು ಅದರ ಸಾಂದ್ರತೆಯಿಂದ ಗುಣಿಸಿ. ಹೊರಗಾಳಿಗೂ ಹಾಗೆಯೇ ಮಾಡಿ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಬಂದದ್ದನ್ನು ಎರಡು ಸಾಂದ್ರತೆಗಳ ವ್ಯತ್ಯಾಸ ಮತ್ತು 1.0044ರ ಗುಣಲಬ್ಧದಿಂದ ಭಾಗಿಸಿದರೆ ಮೂಲದ ಮೌಲ್ಯ ದೊರೆಯುತ್ತದೆ. ಉದಾಹರಣೆಗೆ ಮಣ್ಣಿನಲ್ಲಿ 8,000 ಪಿಪಿಎಂ, −22.0, ಹೊರಗಾಳಿಯಲ್ಲಿ 420 ಪಿಪಿಎಂ, −8.5 ಎಂದಿಟ್ಟುಕೊಳ್ಳಿ. ಮೂಲ −27.0 ಎಂದು ಬರುತ್ತದೆ. ಈಗ ಅದೇ ಮಾದರಿಗೆ ಸಮಪಾಲು ಹೊರಗಾಳಿ ಬೆರೆತಿತೆನ್ನಿ. ಸಾಂದ್ರತೆ 4,210ಕ್ಕೆ ಕುಸಿಯುತ್ತದೆ, ಡೆಲ್ಟಾ ಮೌಲ್ಯ −21.3 ಆಗುತ್ತದೆ. ಈ ಹೊಸ ಸಂಖ್ಯೆಗಳನ್ನು ಅದೇ ಸೂತ್ರಕ್ಕೆ ಹಾಕಿ ನೋಡಿ: ಮತ್ತೆ −27.0! ಮಾದರಿಯ ಅರ್ಧ ಭಾಗ ಹೊರಗಾಳಿಯಾಗಿದ್ದರೂ ಉತ್ತರ ಕದಲುವುದಿಲ್ಲ.

ಏಕೆಂದರೆ ಮಣ್ಣಿನ ಆಳದಿಂದ ಮೇಲ್ಮೈವರೆಗೆ ಅನಿಲ ವಿಸರಣಗೊಳ್ಳುವಾಗ ಸಾಂದ್ರತೆಯ ವಿಲೋಮ ಮತ್ತು ಡೆಲ್ಟಾ ಮೌಲ್ಯ ಒಂದು ಸರಳರೇಖೆಯ ಮೇಲಿರುತ್ತವೆ, ಆ ರೇಖೆಯ ಒಂದು ತುದಿಯಲ್ಲಿ ಹೊರಗಾಳಿಯೇ ಇರುತ್ತದೆ. ಹೊರಗಾಳಿ ಬೆರೆತ ಮಾದರಿ ಅದೇ ರೇಖೆಯ ಮೇಲೆ ಜಾರುತ್ತದೆಯೇ ವಿನಾ ರೇಖೆ ಬಿಟ್ಟು ಹೋಗುವುದಿಲ್ಲ. ಕೀಲಿಂಗ್ ಅವರು 1958ರಲ್ಲಿ ತೋರಿಸಿದ ಈ ಬಗೆಯ ನಕ್ಷೆಯನ್ನು ನಾಲ್ಕೂ ಆಳದ ಮಾದರಿಗಳಿಗೆ ಎಳೆದರೆ ರೇಖೆ ಡೆಲ್ಟಾ ಅಕ್ಷವನ್ನು ಛೇದಿಸುವ ಜಾಗ ಮೂಲಕ್ಕಿಂತ 4.4 ಮೇಲಿರುತ್ತದೆ, ಅಷ್ಟೇ. ಇದಕ್ಕೆ ವಿರುದ್ಧವಾಗಿ ಬಿರಡೆಯಿಂದಲೋ ಸಿರಿಂಜಿನಿಂದಲೋ ಅನಿಲ ಹೊರಗೆ ಸೋರಿದರೆ ಉಳಿದದ್ದು ಭಾರವಾಗಿ ಮಾದರಿ ರೇಖೆಯಿಂದ ಆಚೆಗೆ ಸರಿಯುತ್ತದೆ, ಅದನ್ನು ಯಾವ ಸೂತ್ರವೂ ಸರಿಪಡಿಸದು. ನಾನು ಮೊದಲ ಉತ್ತರದಲ್ಲಿ ಸಿಲಿಕೋನ್ ಮತ್ತು ಸಿರಿಂಜಿನ ಬಗ್ಗೆ ಅಷ್ಟು ಕಟುವಾಗಿ ಬರೆದದ್ದು ಇದಕ್ಕಾಗಿ.

ಆದರೆ ಈ ರಿಯಾಯಿತಿಗೆ ಷರತ್ತುಗಳಿವೆ. ಸೇರಿದ ಗಾಳಿ ಆ ಜಾಗದ ಹೊರಗಾಳಿಯೇ ಆಗಿರಬೇಕು, ಪ್ರಯೋಗಾಲಯದ ಕೋಣೆಯದೋ ಕಾರಿನೊಳಗಿನದೋ ಆಗಿರಬಾರದು. ಆ ಹೊರಗಾಳಿಯನ್ನೂ ನೀವು ಅಳೆದಿರಬೇಕು. ಪುಸ್ತಕದಿಂದ 420 ಎಂದು ಎತ್ತಿಕೊಳ್ಳುವಂತಿಲ್ಲ. ದಟ್ಟ ಮರಗಳ ಕೆಳಗೆ, ಬೆಳಗಿನ ಗಾಳಿಯಾಡದ ಹೊತ್ತಿನಲ್ಲಿ, ನೆಲದ ಸಮೀಪದ ಸಾಂದ್ರತೆ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಪ್ರತಿ ಜಾಗದಲ್ಲಿ, ಪ್ರತಿ ಸಲ, ನೆಲದಿಂದ ಒಂದು ಗೇಣು ಮೇಲಿನ ಗಾಳಿಯ ಎರಡು ಸೀಸೆ ತುಂಬಿಕೊಳ್ಳಿ. ಮಾದರಿಯ ಸಾಂದ್ರತೆ ಹೊರಗಾಳಿಯದಕ್ಕೆ ತೀರ ಹತ್ತಿರ ಬಂದರೆ ಛೇದದಲ್ಲಿರುವ ವ್ಯತ್ಯಾಸ ಚಿಕ್ಕದಾಗಿ ಯಂತ್ರದ 0.1 ಪರ್ ಮಿಲ್ ದೋಷವೂ ಹಿಗ್ಗುತ್ತದೆ. ಅಂಥದ್ದನ್ನು ಬಿಡಲೇಬೇಕು.

ಮತ್ತೆ, ಇದೆಲ್ಲ ಒಣ ಮಣ್ಣಿನ ಮಾತು. ಒದ್ದೆ ಮಣ್ಣಿನ ಬಗ್ಗೆ ಗಜನಿ ಏರಿಯವರು ಎತ್ತಿದ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ.

ಉತ್ತರ: ಕಾಳಿ ಸಂಗಮ (ಕಾರವಾರ)

ಸಾಗಣೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದು ಅಲ್ಲಿನ ವಾಯುಭಾರ ಕರಾವಳಿಗಿಂತ ಶೇಕಡಾ 7ರಷ್ಟು ಕಡಿಮೆ. ಅಲ್ಲಿ ಒತ್ತಡ ಹೆಚ್ಚಿಸದೆ ತುಂಬಿದ ಸೀಸೆಯನ್ನು ದೇವಿಮನೆ ಘಟ್ಟ ಇಳಿಸಿ ಕುಮಟೆಗೆ ತಂದರೆ ಹೊರಗಿನ ಒತ್ತಡವೇ ಹೆಚ್ಚಾಗಿ, ದುರ್ಬಲ ಬಿರಡೆಯ ಮೂಲಕ ಗಾಳಿ ಒಳಕ್ಕೆ ತಳ್ಳಿಕೊಳ್ಳುತ್ತದೆ. ಮೇಲೆ ಹೇಳಿದ ಷರತ್ತಿನಂತೆ ಅದು ಬೆಟ್ಟದ ಗಾಳಿಯಲ್ಲ. ಬೆಂಗಳೂರು ಶಿರಸಿಗಿಂತ ಎತ್ತರದಲ್ಲಿರುವುದರಿಂದ ನಿಮಗೆ ಈ ತೊಂದರೆ ಕಡಿಮೆ. ಆದರೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಗೋ ಅಹಮದಾಬಾದಿಗೋ ಕಳಿಸುವವರು ನೆನಪಿಡಬೇಕು.

ಕೆಲವು ವಾರ ಕಾಯಿಸಬೇಕಾದಾಗ ಕಾವಲಿಗೆ ಎರಡು ಬಗೆಯ ಸೀಸೆಗಳನ್ನು ಜೊತೆಯಲ್ಲಿಡಿ. ಶುದ್ಧ ಹೀಲಿಯಂ ತುಂಬಿದವು ಕೆಲವು, ಮೌಲ್ಯ ಗೊತ್ತಿರುವ ಅನಿಲ ತುಂಬಿದವು ಕೆಲವು. ಇವೂ ಬೆಟ್ಟ ಹತ್ತಿ ಇಳಿದು, ಅದೇ ಪೆಟ್ಟಿಗೆಯಲ್ಲಿ ಅಷ್ಟೇ ದಿನ ಕಾದು, ಅದೇ ಬಸ್ಸಿನಲ್ಲಿ ಹೋಗಬೇಕು. ಹೀಲಿಯಂ ಸೀಸೆಯಲ್ಲಿ ಇಂಗಾಲದ ಡೈಆಕ್ಸೈಡ್ ಕಾಣಿಸಿದರೆ ಒಳಸೋರಿಕೆ, ಗೊತ್ತಿರುವ ಅನಿಲದ ಮೌಲ್ಯ ಭಾರದ ಕಡೆಗೆ ಸರಿದಿದ್ದರೆ ಹೊರಸೋರಿಕೆ. ಟಯರ್ ಅಂಗಡಿಯ ನೈಟ್ರೋಜನ್ ಈ ಕೆಲಸಕ್ಕೆ ಆಗುವುದಿಲ್ಲ; ಅದು ಗಾಳಿಯಿಂದ ಅಲ್ಲಿಯೇ ಬೇರ್ಪಡಿಸಿದ್ದು, ಅಷ್ಟು ಶುದ್ಧವಿರುವುದಿಲ್ಲ. ಸೀಸೆಗಳನ್ನು ಬಿಸಿಲಿನಿಂದ ದೂರ, ಕೋಣೆಯ ಉಷ್ಣತೆಯಲ್ಲಿ ಇಟ್ಟರೆ ಸಾಕು. ಫ್ರಿಜ್ಜಿನಲ್ಲಿಟ್ಟರೆ ಒಳಗಿನ ಒತ್ತಡ ಇಳಿಯುತ್ತದೆ, ಬಿರಡೆಯೂ ಗಡುಸಾಗುತ್ತದೆ.

ಆಮ್ಲಜನಕ-18 ಕೂಡ ಅಳೆಸುವ ಯೋಚನೆಯಿದ್ದರೆ ಈಗಲೇ ತೀರ್ಮಾನಿಸಿ. ಸೀಸೆಯ ಗೋಡೆಯ ಮೇಲೆ ಇಬ್ಬನಿಯಷ್ಟು ನೀರು ಕಟ್ಟಿದರೂ ಇಂಗಾಲದ ಡೈಆಕ್ಸೈಡ್ ತನ್ನ ಆಮ್ಲಜನಕವನ್ನು ಆ ನೀರಿನೊಂದಿಗೆ ಅದಲು ಬದಲು ಮಾಡಿಕೊಂಡು ಮೊದಲಿನ ಗುರುತನ್ನು ಕಳೆದುಕೊಳ್ಳುತ್ತದೆ. ಅದಕ್ಕೆ ಸಿರಿಂಜ್ ಮತ್ತು ಸೂಜಿಯ ನಡುವೆ ಮೆಗ್ನೀಸಿಯಂ ಪರ್ಕ್ಲೋರೇಟ್ ತುಂಬಿದ ಸಣ್ಣ ನಳಿಕೆ ಬೇಕು. ಅದು ಪ್ರಬಲ ಉತ್ಕರ್ಷಕವಾದ್ದರಿಂದ ದರಕು, ಎಣ್ಣೆ ಮುಂತಾದ ಉರಿಯುವ ವಸ್ತುಗಳಿಂದ ದೂರವಿಡಬೇಕು. ಇಂಗಾಲ-13 ಒಂದೇ ಸಾಕೆಂದರೆ ಈ ಗೋಜು ಬೇಡ.

ಮಾದರಿಗಳ ಜೊತೆ ಕಳಿಸುವ ಪಟ್ಟಿಯಲ್ಲಿ ಪ್ರತಿ ಸೀಸೆಯ ಎದುರು ಆಳ, ದಿನ, ಹೊತ್ತು ಮತ್ತು ಅಂದಾಜು ಸಾಂದ್ರತೆಯನ್ನು ತಪ್ಪದೆ ಬರೆಯಿರಿ. 500 ಪಿಪಿಎಂ ಸೀಸೆಯ ನಂತರ 30,000 ಪಿಪಿಎಂ ಸೀಸೆ ಯಂತ್ರಕ್ಕೆ ಬರುವುದು ಮುಂಚಿತವಾಗಿ ಗೊತ್ತಿದ್ದರೆ ಅವರು ಸಾಂದ್ರತೆಯ ಪ್ರಕಾರ ಸೀಸೆಗಳನ್ನು ಜೋಡಿಸಿಕೊಂಡು, ಮಾನಕ ಅನಿಲವನ್ನೂ ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಪೆನ್ನಿನಲ್ಲಿ ಬರೆಯದೆ ಪೆನ್ಸಿಲಿನಲ್ಲಿ ಬರೆಯಿರಿ, ನಮ್ಮ ಜಿಲ್ಲೆಯ ತೇವದಲ್ಲಿ ಶಾಯಿ ಉಳಿಯುವುದಿಲ್ಲ.